ಹತ್ತಕ್ಕೆ ಹನ್ನೊಂದು

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಈ ಗಾದೆ ಕಟ್ಟಿದವನು ಕುಂಬಾರನೂ ಅಲ್ಲ, ದೊಣ್ಣೆ ಬೀಸಿದವನೂ ಅಲ್ಲ. ದೂರ ನಿಂತು ನೋಡಿದ ಯಾವನೋ ಪುಣ್ಯಾತ್ಮ. ಆ ವರ್ಷಕ್ಕೂ ಆ ನಿಮಿಷಕ್ಕೂ ನಡುವೆ ಏನೇನಾಯಿತು ಅಂತ ಹೇಳದೆಯೇ ಎದ್ದು ಹೋಗಿಬಿಟ್ಟ. ನಮ್ಮ ಕಥೆ ಇರುವುದು ಅವನು ಬಿಟ್ಟು ಹೋದ ಆ ನಡುವಿನಲ್ಲಿ.

ಒಂದು ಬೀದಿ. ಬೀದಿಯ ತುದಿಗೆ ಒಂದು ಮನೆ; ಕೆಳಗೆ ಕೆಲಸ, ಮೇಲೆ ಸಂಸಾರ. ಕೆಳಗಿನ ಉದ್ದನೆಯ ಕೋಣೆಯಲ್ಲಿ ಮಾವ ತಿಗರಿಯ ಮುಂದೆ ಕೂತು ಮಣ್ಣು ತಿರುಗಿಸಲು ಶುರು ಮಾಡಿದರೆಂದರೆ ಮತ್ತೆ ಏಳುತ್ತಿದ್ದದ್ದು ಊಟಕ್ಕೆ, ಇಲ್ಲವೇ ಜಗಳಕ್ಕೆ. ಅತ್ತೆ ಕಿಟಕಿಯ ಬೆಳಕಿನಲ್ಲಿ ಹೂಜಿಗಳಿಗೆ ಬಣ್ಣ ಹಚ್ಚುತ್ತಿದ್ದರು. ಅವರ ಹಲ್ಲಿನ ನಡುವೆ ಸದಾ ಒಂದು ಬ್ರಷ್ ಇರುತ್ತಿದ್ದರಿಂದ ಅತ್ತೆಯ ಕಾಟ ಅನ್ನುವುದು ಆ ಮನೆಗೆ ಕಾಲಿಟ್ಟಿರಲಿಲ್ಲ. ಆ ಕೊರತೆಯನ್ನು ನಾದಿನಿ ತುಂಬಿಸಿಕೊಡುತ್ತಿದ್ದಳು. ಹಿತ್ತಲಲ್ಲಿ ಮಡಕೆ ಸುಡುವ ಆವಿಗೆ ಅವಳ ಸುಪರ್ದಿ; ಬೆಂಕಿಯ ಜೊತೆ ಬೆಳೆದವಳಾದ್ದರಿಂದ ನಾಲಿಗೆಯಲ್ಲೂ ಅದೇ ಬಿಸಿ.

ಇನ್ನು ಸೊಸೆ. ಲೋಟಗಳಿಗೆ ಹಿಡಿಕೆ ಅಂಟಿಸುವುದು ಅವಳ ಪಾಲಿನ ಕೆಲಸ. ಕೈ ಹಿಡಿಕೆ ಅಂಟಿಸುತ್ತಿದ್ದರೆ ಮನಸ್ಸು ಏಳು ಸಮುದ್ರದಾಚೆ. ಈ ಲೋಟ ಯಾರ ತುಟಿಗೆ ಹೋಗುತ್ತದೋ, ಅವರು ಅದನ್ನು ಹಿಡಿದುಕೊಂಡು ಯಾರಿಗೆ ಕಾಯುತ್ತಾರೋ ಅಂತ ಕಥೆ ಕಟ್ಟುತ್ತಾ ಕೂತರೆ ಹಿಡಿಕೆ ಒಂದೊಂದು ಸಲ ಒಂದೊಂದು ದಿಕ್ಕಿಗೆ ಮುಖ ಮಾಡುತ್ತಿತ್ತು. ಅತ್ತಿಗೆ ಅಂಟಿಸಿದ ಹಿಡಿಕೆ ಹಿಡಿದು ಕುಡಿದರೆ ಚಹಾ ಪಕ್ಕದವರ ಬಾಯಿಗೆ ಹೋಗುತ್ತದೆ ಅಂತ ನಾದಿನಿ ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದಳು. ಅವಳ ಅಣ್ಣ, ಅಂದರೆ ಸೊಸೆಯ ಗಂಡ, ವ್ಯಾನಿನಲ್ಲಿ ಅಂಗಡಿ ಅಂಗಡಿಗೆ ಸರಕು ಹಾಕುವವನು. ಈ ಜಗಳದಲ್ಲಿ ಬಾಯಿ ಹಾಕಿದರೆ ಎರಡೂ ಕಡೆಯಿಂದ ಏಟು ಅಂತ ಗೊತ್ತಿದ್ದು ಬೇಗ ಹೊರಟುಬಿಡುತ್ತಿದ್ದ. ಅತ್ತಿಗೆ ನಾದಿನಿ ಎಣ್ಣೆ ಸೀಗೇಕಾಯಿ ಅಂದರೆ ಎಣ್ಣೆ ಸೀಗೇಕಾಯಿ.

ಆ ಮನೆಗೊಂದು ಮಂತ್ರವಿತ್ತು: ಹತ್ತಕ್ಕೆ ಹನ್ನೊಂದು. ಮಣ್ಣು ಮಹಾ ಮೋಸಗಾರ. ಹಸಿಯಾಗಿದ್ದಾಗ ಮೈತುಂಬಿ ನಿಂತದ್ದು ಒಣಗಿ ಬೆಂದು ಹೊರಬರುವಾಗ ಕುಗ್ಗಿರುತ್ತದೆ. ಹತ್ತು ಬೆರಳಿನ ಹೂಕುಂಡ ಬೇಕಿದ್ದರೆ ತಿಗರಿಯ ಮೇಲೆ ಹನ್ನೊಂದು ಬೆರಳು ಎತ್ತಬೇಕು. ಮಾವ ಅಳತೆಕೋಲು ಕತ್ತರಿಸುವಾಗಲೆಲ್ಲ ಇದನ್ನು ಜೋರಾಗಿ ಹೇಳಿಕೊಳ್ಳುತ್ತಿದ್ದರು. ಹೇಳಿ ಹೇಳಿ ಅದು ಅಡುಗೆಮನೆಗೂ ಹತ್ತಿತ್ತು. ಹತ್ತು ಜನ ನೆಂಟರು ಬರುತ್ತಾರೆಂದರೆ ಹನ್ನೊಂದು ಜನಕ್ಕೆ ಬೇಯುತ್ತಿತ್ತು.

ಇಂಥ ಮನೆಯಿಂದ ಇಬ್ಬರು ವಿಶ್ವವಿದ್ಯಾಲಯಕ್ಕೆ ಹೋದದ್ದು ಹೇಗೆ ಅಂದರೆ, ಒಬ್ಬರ ಮೇಲಿನ ಹಟಕ್ಕೆ ಇನ್ನೊಬ್ಬರು. ಮಣ್ಣು, ಗಾಜು, ಪಿಂಗಾಣಿಯ ವಿಜ್ಞಾನ ಕಲಿಸುವ ಡಿಗ್ರಿಯೊಂದಿದೆ ಅಂತ ಸೊಸೆ ಎಲ್ಲೋ ಓದಿ ಆಸೆಪಟ್ಟು ಅರ್ಜಿ ಹಾಕಿದಳು. ಅತ್ತಿಗೆ ಹಾಕಿದಳು ಅಂತ ನಾದಿನಿಯೂ ಹಾಕಿದಳು. ಇಬ್ಬರಿಗೂ ಸೀಟು ಬಂತು. ಮಾವ ತಿಗರಿ ನಿಲ್ಲಿಸಿ, ಹೋಗುವುದಾದರೆ ಇಬ್ಬರೂ ಹೋಗಿ, ಬರುವುದಾದರೆ ಇಬ್ಬರೂ ಬನ್ನಿ, ಒಬ್ಬಳು ಹೊರಗೆ ಬಿದ್ದರೆ ಇನ್ನೊಬ್ಬಳೂ ವಾಪಸ್ಸು ಅಂತ ತೀರ್ಪು ಕೊಟ್ಟರು. ಅತ್ತೆ ಬಾಯಿಂದ ಬ್ರಷ್ ತೆಗೆಯದೆ ತಲೆಯಾಡಿಸಿದರು. ಡಿಗ್ರಿಯ ಹೊಸ್ತಿಲಲ್ಲಿ ಕೂತಿದ್ದದ್ದು ಕ್ಯಾಲ್ಕುಲಸ್ ಪೇಪರು. ಅದನ್ನು ದಾಟದವರಿಗೆ ಮುಂದಿನ ಯಾವ ಬಾಗಿಲೂ ಇಲ್ಲ.

ಕ್ಯಾಲ್ಕುಲಸ್ ಕಲಿಸುವವರನ್ನು ಹುಡುಗರು ಸೊನ್ನೆ ಮೇಡಂ ಅಂತ ಕರೆಯುತ್ತಿದ್ದರು. ಹಂತ ಬರೆಯದ ಉತ್ತರಕ್ಕೆ ಸೊನ್ನೆ ಕೊಡುತ್ತಿದ್ದರು, ಅದನ್ನೂ ಕೈಬಳೆಯಷ್ಟು ದುಂಡಗೆ. ದೊಡ್ಡ ಕ್ಲಾಸ್ ಕೋಣೆ, ಮೆಟ್ಟಿಲು ಮೆಟ್ಟಿಲಾಗಿ ಬೆಂಚು, ಕೆಳಗೆ ಎರಡು ಉದ್ದನೆಯ ಕರಿಹಲಗೆ, ನಡುವೆ ಸೀಮೆಸುಣ್ಣದ ಪುಡಿಯಲ್ಲಿ ಮಿಂದ ಸಣ್ಣ ದೇಹದ ಮೇಡಂ.

ಮೊದಲ ವಾರ ಸೊಸೆಗೆ ಏನೂ ಅರ್ಥವಾಗಲಿಲ್ಲ. ಎರಡನೆಯ ವಾರ ಮೇಡಂ ಲಿಮಿಟ್ ಅಂದರೇನು ಅಂತ ಹೇಳುತ್ತಾ, ಒಂದು ಸಂಖ್ಯೆ ಇನ್ನೊಂದರ ಹತ್ತಿರ ಹತ್ತಿರ ಹೋಗುತ್ತದೆ, ಎಷ್ಟು ಹತ್ತಿರ ಬೇಕೆಂದರೆ ಅಷ್ಟು ಹತ್ತಿರ, ಆದರೆ ಮುಟ್ಟಬೇಕೆಂದೇನಿಲ್ಲ ಅಂದರು. ಸೊಸೆಯ ಮೈ ಜುಮ್ಮೆಂದಿತು. ಇದು ಅವಳಿಗೆ ಗೊತ್ತಿದ್ದ ಸಂಗತಿಯೇ. ಎಷ್ಟು ರಾಜಕುಮಾರರು ಎಷ್ಟು ಕೋಟೆಗಳ ಬಾಗಿಲವರೆಗೆ ಹೋಗಿ ಹೀಗೇ ನಿಂತಿಲ್ಲ. ಇದ್ದೂ ಇಲ್ಲದಷ್ಟು ಚಿಕ್ಕದಾದ ಒಂದು ಹೆಜ್ಜೆ, ಅಂಥ ಲೆಕ್ಕವಿಲ್ಲದಷ್ಟು ಹೆಜ್ಜೆ ಕೂಡಿ ಒಂದು ದಾರಿ. ಬಸ್ಸಿನ ಕಿಟಕಿಗೆ ತಲೆ ಆನಿಸಿ ಅವಳು, ಒಂದು ಚೂರು ಬೆಳೆದರೆ ಇನ್ನೊಂದು ಎಷ್ಟು ಬೆಳೆಯುತ್ತದೆ ಅಂತ ಹೇಳುವ ಡೆರಿವೇಟಿವ್ ಅನ್ನು ನೆನೆಯುತ್ತಿದ್ದಳು. ಎರಡು ಸೀಟು ಮುಂದೆ ನಾದಿನಿ ಕೂತು ಅದೇ ಲೆಕ್ಕವನ್ನು ಬೆರಳಲ್ಲಿ ಗಾಳಿಯ ಮೇಲೆ ಗೀಚುತ್ತಿದ್ದಳು. ಮನೆಯಿಂದ ಕಾಲೇಜಿಗೂ ಕಾಲೇಜಿನಿಂದ ಮನೆಗೂ ಇಬ್ಬರ ನಡುವೆ ಮಾತಿರಲಿಲ್ಲ.

ಆ ಹೊತ್ತಿಗೇ ಮನೆಯಲ್ಲೊಂದು ರಗಳೆ ಹುಟ್ಟಿಕೊಂಡಿತ್ತು. ಎಣ್ಣೆ ಅಂಗಡಿಯೊಂದಕ್ಕೆ ಸರಿಯಾಗಿ ಒಂದು ಲೀಟರ್ ಹಿಡಿಯುವ ಜಾಡಿಗಳು ಬೇಕಿದ್ದವು. ಅಲ್ಲಿಯವರೆಗೆ ಮಾವನನ್ನು ಜನ ಕೇಳುತ್ತಿದ್ದದ್ದು ಎತ್ತರ ಎಷ್ಟು, ಬಾಯಿ ಎಷ್ಟು ಅಗಲ ಅಂತ. ಹೊಟ್ಟೆ ಎಷ್ಟು ಹಿಡಿಯುತ್ತದೆ ಅಂತ ಯಾರೂ ಕೇಳಿರಲಿಲ್ಲ. ಮಾವ ಮೊದಲ ಜಾಡಿಯನ್ನು ತಿಗರಿಯ ಮೇಲಿದ್ದಾಗಲೇ ನೀರು ಹೊಯ್ದು ನೋಡಿದರು. ಮಂತ್ರದ ಪ್ರಕಾರ ಲೀಟರಿನ ಮೇಲೆ ಹತ್ತನೇ ಒಂದು ಪಾಲು ಜಾಸ್ತಿ ಹಿಡಿಸಿ, ಕೂಡಲೇ ಸ್ಪಂಜಿನಿಂದ ನೀರು ಹೀರಿ ತೆಗೆದರು. ಉಳಿದವನ್ನೆಲ್ಲ ಅದರ ಅಳತೆಗೇ ಎತ್ತಿದರು. ಸುಟ್ಟು ಕಳಿಸಿದ ಮೇಲೆ ಅಂಗಡಿಯವನು ಒಂದರಲ್ಲಿ ಒಂದು ಲೀಟರ್ ಎಣ್ಣೆ ಹೊಯ್ದ. ಅದು ಉಕ್ಕಿ ಅವನ ಮೇಜಿನ ಮೇಲೆಲ್ಲ ಹರಿಯಿತು. ಅಷ್ಟೂ ಜಾಡಿ ವ್ಯಾನಿನಲ್ಲಿ ಮರಳಿ ಬಂದವು.

ಮಾವನ ಕೋಪ ನೇರ ಆವಿಗೆಯ ಮೇಲೆ ಹೋಯಿತು. ಬೆಂಕಿ ಅತಿಯಾಯಿತು, ಜಾಡಿ ಮುದುಡಿಕೊಂಡವು, ಮನಸ್ಸು ಪುಸ್ತಕದಲ್ಲಿಟ್ಟು ಕೈ ಆವಿಗೆಯಲ್ಲಿಟ್ಟರೆ ಆಗುವುದೇ ಹೀಗೆ ಅಂದರು. ನಾದಿನಿ ಎಂದಿನ ಹಾಗೆ ಬೆಂಕಿ ಕೊಟ್ಟಿದ್ದೇನೆ ಅಂತ ಒಂದೇ ಸಲ ಹೇಳಿ ಸುಮ್ಮನಾದಳು. ಅವಳು ಸುಮ್ಮನಾದದ್ದನ್ನು ಸೊಸೆ ನೋಡಿದ್ದು ಅದೇ ಮೊದಲು. ಆ ಕುಳ್ಳ ಜಾಡಿಗಳನ್ನು ಹಿತ್ತಲ ಮೂಲೆಯಲ್ಲಿ ಒಟ್ಟಿ, ಯಾರೂ ಮುಟ್ಟಕೂಡದು ಅಂತ ಮಾವ ಅಪ್ಪಣೆ ಮಾಡಿದರು.

ಇಷ್ಟರಲ್ಲಿ ಕ್ಯಾಲ್ಕುಲಸ್ಸಿನ ಟೆಸ್ಟ್ ಬಂತು. ಒಟ್ಟಿಗೆ ಸೇರಿದವರಾದ್ದರಿಂದ ಇಬ್ಬರ ನಂಬರೂ ಹಿಂದೆ ಮುಂದೆ, ಕೂರುವ ಬೆಂಚೂ ಹಿಂದೆ ಮುಂದೆ. ಕೊನೆಯ ಪ್ರಶ್ನೆ ಹೀಗಿತ್ತು: ಒಂದು ವಕ್ರರೇಖೆಯನ್ನು ಅಡ್ಡಗೆರೆಯ ಸುತ್ತ ಒಂದು ಸುತ್ತು ತಿರುಗಿಸಿದಾಗ ಬಟ್ಟಲಿನ ಆಕಾರ ಬರುತ್ತದೆ, ಆ ಬಟ್ಟಲು ಎಷ್ಟು ಹಿಡಿಯುತ್ತದೆ? ಪ್ರಶ್ನೆ ಓದಿ ಸೊಸೆಗೆ ನಗು ಬಂತು. ಗೆರೆಯನ್ನು ತಿರುಗಿಸಿ ಬಟ್ಟಲು ಮಾಡುವುದನ್ನು ಇವರು ಅವಳಿಗೆ ಹೇಳಿಕೊಡಬೇಕೇ. ಬಟ್ಟಲನ್ನು ತೆಳ್ಳಗಿನ ಬಿಲ್ಲೆಗಳಾಗಿ ಹೆಚ್ಚಿ, ಬಿಲ್ಲೆಗಳನ್ನೆಲ್ಲ ಕೂಡಿ, ಹೂವು ಎತ್ತಿದ ಹಾಗೆ ಉತ್ತರ ಬರೆದು ಹೊರಬಂದಳು.

ಎರಡು ದಿನ ಕಳೆದು ಮೇಡಂ ಇಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು. ಮೇಜಿನ ಮೇಲೆ ಎರಡೂ ಉತ್ತರ ಪತ್ರಿಕೆ ಅಕ್ಕಪಕ್ಕ ಇದ್ದವು. ಆ ಪ್ರಶ್ನೆಗೆ ಉತ್ತರ ಎಂಟು ಪೈ. ಎರಡೂ ಪತ್ರಿಕೆಯಲ್ಲಿ ಕೊನೆಯ ಸಾಲಿನ ಹಿಂದಿನ ಸಾಲಿನವರೆಗೆ ಎಂಟು ಪೈ ಎಂದೇ ಇತ್ತು. ಕೊನೆಯ ಸಾಲಿನಲ್ಲಿ, ಯಾವ ಕಾರಣವೂ ಇಲ್ಲದೆ, ಎರಡರಲ್ಲೂ ಎಂಟು ಪಾಯಿಂಟ್ ಎಂಟು ಪೈ.

"ಇಬ್ಬರು ಒಂದೇ ಊರು ತಲುಪಿದರೆ ನಾನು ಏನೂ ಕೇಳೋಲ್ಲ," ಅಂದರು ಮೇಡಂ. "ದಾರಿ ಬಿಟ್ಟು ಇಬ್ಬರೂ ಒಂದೇ ಹೊಂಡಕ್ಕೆ ಬಿದ್ದಿದ್ದೀರಲ್ಲ, ಅದು ಹೇಗೆ ಅಂತ ಹೇಳಿ. ಇಡೀ ಕ್ಲಾಸಿನಲ್ಲಿ ಇನ್ನೊಬ್ಬರು ಈ ಹೊಂಡಕ್ಕೆ ಬಿದ್ದಿಲ್ಲ."

ಸೊಸೆ ತನ್ನದೇ ಅಕ್ಷರವನ್ನು ಅಪರಿಚಿತರ ಮುಖ ನೋಡಿದ ಹಾಗೆ ನೋಡಿದಳು. ಬರೆದದ್ದು ನೆನಪೇ ಇರಲಿಲ್ಲ.

"ನಾನು ಇವರದ್ದು ನೋಡಿ ಬರೀತೀನಾ ಮೇಡಂ," ಅಂದಳು ನಾದಿನಿ. "ಇವರು ಅಂಟಿಸಿದ ಹಿಡಿಕೇನೇ ನಾನು ಇನ್ನೊಂದು ಸಲ ನೋಡ್ದೆ ಆವಿಗೆಗೆ ಇಡೋಲ್ಲ."

ಮೇಡಂಗೆ ಅದರ ತಲೆಬುಡ ತಿಳಿಯಲಿಲ್ಲ. ಸೋಮವಾರದೊಳಗೆ ವಿಭಾಗದ ಮುಖ್ಯಸ್ಥರಿಗೆ ವರದಿ ಹೋಗಬೇಕು, ಕಾಪಿ ಅಂತಾದರೆ ಇಬ್ಬರ ಸೀಟೂ ಹೋಗುತ್ತದೆ, ಅಷ್ಟರೊಳಗೆ ಹೇಳುವುದಿದ್ದರೆ ಬಂದು ಹೇಳಿ ಅಂದರು.

ಬಸ್ಸಿನಲ್ಲಿ ಇಬ್ಬರೂ ತಿಂಗಳುಗಳ ಮೇಲೆ ಮಾತಾಡಿದರು. ಮಾತೆಂದರೆ ಮಾತಲ್ಲ, ಹಾವು ಮುಂಗುಸಿಯ ಕಾಳಗ. ನನ್ನ ಬೆನ್ನ ಹಿಂದೆ ಕೂತು ಕತ್ತು ಉದ್ದ ಮಾಡಿದವಳು ನೀನೇ ಅಂತ ಸೊಸೆ. ಕನಸು ಕಾಣ್ತಾ ಪೇಪರು ಪಕ್ಕಕ್ಕೆ ಜಾರಿಸಿದವರು ನೀವೇ, ಕಣ್ಣಿಗೆ ಬಿದ್ದಿದ್ದರೂ ಬಿದ್ದಿರಬಹುದು ಅಂತ ನಾದಿನಿ. ಕಂಡಕ್ಟರು ಟಿಕೆಟ್ ಕೊಡಲು ಬಂದವನು ಮುಖ ನೋಡಿ ಆಮೇಲೆ ಬರ್ತೀನಿ ಅಂತ ಮುಂದೆ ಹೋದ.

ಮನೆಗೆ ಬಂದಾಗ ಮಾವ ಹೊಸ ಹೂಕುಂಡಕ್ಕೆ ಅಳತೆಕೋಲು ಮಾಡುತ್ತಿದ್ದರು. ಕೋಲಿನ ಮೇಲೆ ಬೆರಳಿಟ್ಟು, ಚಾಕುವಿನಿಂದ ಗುರುತು ಕೊರೆದು, ಎಂದಿನ ರಾಗದಲ್ಲಿ "ಹತ್ತಕ್ಕೆ ಹನ್ನೊಂದು" ಅಂದರು.

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಇಬ್ಬರೂ ಒಂಟಿ ಕಾಲಲ್ಲಿ ನಿಂತುಬಿಟ್ಟರು. ಹತ್ತಕ್ಕೆ ಹನ್ನೊಂದಾದರೆ ಎಂಟಕ್ಕೆ ಎಂಟು ಪಾಯಿಂಟ್ ಎಂಟು. ಪ್ರಶ್ನೆಯಲ್ಲಿ ಬಟ್ಟಲು ಅಂತ ಕಂಡದ್ದೇ ತಡ, ಕೈ ತನ್ನ ಪಾಡಿಗೆ ತಾನು ಮಣ್ಣು ಕುಗ್ಗುತ್ತದೆ ಅಂತ ಹತ್ತನೇ ಒಂದು ಪಾಲು ಸೇರಿಸಿಬಿಟ್ಟಿದೆ. ಸೊಸೆ ನಾದಿನಿಯ ಕಡೆ ತಿರುಗಿದಳು, ನಾದಿನಿ ಆಗಲೇ ಇವಳ ಕಡೆ ತಿರುಗಿದ್ದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಬಾಯಿಂದ ಬ್ರಷ್ ತೆಗೆದು ನೋಡಿ, ಮತ್ತೆ ಕಚ್ಚಿಕೊಂಡರು.

ಮರುದಿನ ಹೋಗಿ ಮೇಡಂಗೆ ಎಲ್ಲ ಹೇಳಿದರು. ಹೇಳಿದವಳು ಸೊಸೆ, ತಿಗರಿ, ಕೋಲು, ಮಾವನ ರಾಗ ಒಂದನ್ನೂ ಬಿಡಲಿಲ್ಲ. ಮೇಡಂ ಪೂರ್ತಿ ಕೇಳಿದರು.

"ಕಥೆ ಚೆನ್ನಾಗಿದೆ," ಅಂದರು. "ಆದರೆ ಕಥೆಯನ್ನ ಇಬ್ಬರು ಕೂತು ಕಟ್ಟಬಹುದು. ನನಗೆ ಬೇಕಾದದ್ದು ನಿಮ್ಮಿಬ್ಬರಿಗೂ ಬೇರೆ ಬೇರೆ ತಲೆ ಇದೆ ಅನ್ನೋದಕ್ಕೆ ಸಾಕ್ಷಿ. ಶುಕ್ರವಾರ ಕ್ಲಾಸಿಗೆ ಬನ್ನಿ. ಮಣ್ಣಿನ ಬಟ್ಟಲು ಅಂತಾನೇ ಇಟ್ಟುಕೊಳ್ಳೋಣ. ಆಗಲಾದರೂ ನಿಮ್ಮ ಹತ್ತನೇ ಒಂದು ಪಾಲು ಸರೀನಾ ಅಂತ ಯೋಚನೆ ಮಾಡಿಕೊಂಡು ಬನ್ನಿ. ಅಲ್ಲೀವರೆಗೆ ಇದರ ಬಗ್ಗೆ ನೀವಿಬ್ಬರೂ ಒಂದು ಮಾತೂ ಆಡಕೂಡದು."

ಇದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಮಾತಾಡಬಹುದಾಗಿದ್ದಾಗ ಮುಖ ತಿರುಗಿಸಿಕೊಂಡು ಹೋಗುತ್ತಿದ್ದವರಿಗೆ, ಮಾತು ಕೂಡದು ಅಂದದ್ದೇ ನಾಲಿಗೆ ತುರಿಸತೊಡಗಿತು. ಊಟಕ್ಕೆ ಕೂತರೆ ಕಣ್ಣು ಕಣ್ಣು ಸಂಧಿಸುತ್ತಿದ್ದವು, ಬಾಯಿ ತುತ್ತಿನಿಂದ ಮುಚ್ಚಿರುತ್ತಿತ್ತು. ಇಷ್ಟು ದಿನ ಇಲ್ಲದ ಈ ಮೌನ ಯಾಕೆ ಇಷ್ಟು ಗದ್ದಲ ಮಾಡ್ತಿದೆ ಅಂತ ಸೊಸೆಯ ಗಂಡ ಕೇಳಿಯೇ ಕೇಳಿದ.

ಸೊಸೆಯ ತಲೆಯಲ್ಲಿ ಮೇಡಂ ಇಟ್ಟ ಪ್ರಶ್ನೆ ತಿಗರಿಯ ಹಾಗೆ ತಿರುಗುತ್ತಿತ್ತು. ಎತ್ತರಕ್ಕೆ ಹತ್ತನೇ ಒಂದು ಪಾಲು, ಸರಿ. ಹೊಟ್ಟೆಗೂ ಅಷ್ಟೇನಾ? ಮಣ್ಣು ಕುಗ್ಗುವಾಗ ಎತ್ತರ ಮಾತ್ರ ಕುಗ್ಗುತ್ತದೆಯೇ? ಅಗಲವೂ ಕುಗ್ಗುತ್ತದೆ, ಹಿಂದಿನಿಂದ ಮುಂದಕ್ಕೂ ಕುಗ್ಗುತ್ತದೆ. ಮೂರು ಕಡೆಯಿಂದ ಮೂವರು ಕಳ್ಳರು ಒಂದೇ ಮನೆಗೆ ನುಗ್ಗಿದ ಹಾಗೆ. ಹಿತ್ತಲಲ್ಲಿ ಕೈ ತೊಳೆಯುತ್ತಿದ್ದವಳ ಕಣ್ಣು ಮೂಲೆಯ ಕುಳ್ಳ ಜಾಡಿಗಳ ಮೇಲೆ ಬಿತ್ತು, ಅಲ್ಲೇ ನಿಂತಿತು.

ಒಂದನ್ನು ಎತ್ತಿಕೊಂಡು ನಲ್ಲಿಯ ಕೆಳಗೆ ಹಿಡಿದಳು. ನೀರು ತುಂಬಿ ಅಳೆದುಬಿಟ್ಟರೆ ಎಷ್ಟು ಕಡಿಮೆ ಹಿಡಿಯುತ್ತದೆ ಅಂತ ಈಗಲೇ ತಿಳಿದುಹೋಗುತ್ತದೆ. ಆಮೇಲೆ ಲೆಕ್ಕವನ್ನು ಅದಕ್ಕೆ ತಕ್ಕ ಹಾಗೆ ಕೂರಿಸಿದರಾಯಿತು. ಕೈ ನಲ್ಲಿಯ ಮೇಲಿತ್ತು. ನೋಡಿಬಿಟ್ಟರೆ ಅದೂ ಕಾಪಿಯೇ ಅನ್ನಿಸಿತು. ಜಾಡಿಯನ್ನು ಒಣಗಿದ್ದ ಹಾಗೇ ಕೆಳಗಿಟ್ಟಳು.

ಶುಕ್ರವಾರ ಬೆಳಗ್ಗೆ ಅದನ್ನು ಕಾಲೇಜಿಗೆ ಕೊಂಡೊಯ್ಯುತ್ತೇನೆ ಅಂದಾಗ ಮಾವ ಸಿಡಿದರು. "ಆ ಕುಳ್ಳನ್ನ ಯಾರಿಗೆ ತೋರಿಸ್ತೀಯಮ್ಮಾ? ಇಷ್ಟು ವರ್ಷ ಉಳಿಸಿಕೊಂಡ ಮಾನ ಕ್ಲಾಸಿನಲ್ಲಿ ಹರಾಜು ಹಾಕಬೇಕಾ?"

"ಮಾನ ವಾಪಸ್ ತರೋಕೇ ಹೋಗ್ತಿರೋದು ಮಾವ," ಅಂದಳು ಸೊಸೆ. ಹೇಳಿದ ಮೇಲೆ ತಾನೇ ಹೆದರಿದಳು.

ಮಾವ ಗೊಣಗುತ್ತಾ ಎದ್ದರು. ಆದರೆ ಕೈಯಿಂದ ಹೊರಟ ಪಾತ್ರೆ ಬೆತ್ತಲೆ ಹೋಗಬಾರದು ಅನ್ನುವುದು ಅವರ ರಕ್ತದಲ್ಲೇ ಇತ್ತು. ಜಾಡಿಯನ್ನು ಕಿತ್ತುಕೊಂಡು, ಹಳೆ ಬಟ್ಟೆ ಸುತ್ತಿ, ಒಣಹುಲ್ಲು ತುಂಬಿದ ಚೀಲದಲ್ಲಿ ಕೂರಿಸಿ ಅವರೇ ಕೈಗೆ ಕೊಟ್ಟರು. ಬಸ್ಸಿನಲ್ಲಿ ಸೊಸೆಯ ಮಡಿಲಲ್ಲಿದ್ದ ಚೀಲವನ್ನು ನಾದಿನಿ ನೋಡಿದಳು. ಎರಡು ಸೀಟು ಮುಂದೆ ಹೋಗಿ ಕೂರುವ ಬದಲು ಪಕ್ಕದಲ್ಲೇ ಕೂತು, ಬ್ರೇಕು ಹಾಕಿದಾಗಲೆಲ್ಲ ಚೀಲಕ್ಕೆ ಒಂದು ಕೈ ಅಡ್ಡ ಕೊಟ್ಟಳು.

ಕ್ಲಾಸು ತುಂಬಿತ್ತು. ಕಾಪಿಯ ಸುದ್ದಿಗೆ ಕಾಲು ಬರುವುದು ಹೊಸದಲ್ಲ. ಸೊಸೆ ಜಾಡಿಯನ್ನು ಮೇಜಿನ ಮೇಲಿಟ್ಟು ಅದರ ಚರಿತ್ರೆ ಹೇಳಿದಳು: ಹಸಿಯಾಗಿದ್ದಾಗ ಒಂದು ಲೀಟರಿನ ಮೇಲೆ ನೂರು ಮಿಲಿ ಹಿಡಿದದ್ದು, ಸುಟ್ಟಾಗ ಹನ್ನೊಂದು ಬೆರಳು ಹತ್ತು ಬೆರಳಾಗುವ ಮಣ್ಣು, ಅಂಗಡಿಯಿಂದ ತಿರುಗಿ ಬಂದದ್ದು, ಆಮೇಲೆ ಯಾರೂ ಅಳೆದು ನೋಡದೇ ಇರುವುದು. ಮೇಡಂ ಕಣ್ಣು ಸಣ್ಣದು ಮಾಡಿ ಕೇಳಿ, ಕೆಮಿಸ್ಟ್ರಿ ಲ್ಯಾಬಿನಿಂದ ಅಳತೆಯ ಗಾಜಿನ ಕೊಳವೆ ತರಿಸಿದರು. ಇಬ್ಬರನ್ನೂ ಒಂದೊಂದು ಕರಿಹಲಗೆಯ ಮುಂದೆ, ಒಬ್ಬರ ಬೆನ್ನು ಒಬ್ಬರಿಗಾಗಿ ನಿಲ್ಲಿಸಿದರು. ಈ ಜಾಡಿ ಈಗ ಎಷ್ಟು ಹಿಡಿಯುತ್ತದೆ, ಬರೆಯಿರಿ; ನೀರು ಆಮೇಲೆ ಹೇಳುತ್ತದೆ ಅಂದರು.

ಸೊಸೆ ಸೀಮೆಸುಣ್ಣ ಎತ್ತಿಕೊಂಡಳು. ಅಲ್ಲೇ ಕಥೆ ಸಿಕ್ಕಿತು. ಜಾಡಿಯನ್ನು ಒಂದು ಪೆಟ್ಟಿಗೆ ಅಂದುಕೊಂಡಳು. ಬದಿ ಎಷ್ಟೋ ಅದರ ಘನ ಪೆಟ್ಟಿಗೆಯ ಹೊಟ್ಟೆ. ಬದಿ ಚೂರೇ ಚೂರು ಬೆಳೆದರೆ ಹೊಟ್ಟೆ ಎಷ್ಟು ಬೆಳೆಯುತ್ತದೆ? ಡೆರಿವೇಟಿವ್ ತೆಗೆದಳು. ಆ ಮೂವರು ಕಳ್ಳರು ಸಾಲಾಗಿ ಹೊರಗೆ ಬಂದರು: ಬದಿ ಒಂದು ಪಾಲು ಬೆಳೆದರೆ ಹೊಟ್ಟೆ ಮೂರು ಪಾಲು. ಹಾಗಾದರೆ ಹಸಿ ಜಾಡಿ ಸುಟ್ಟದ್ದಕ್ಕಿಂತ ಹತ್ತನೇ ಮೂರು ಪಾಲು ದೊಡ್ಡದು. ಭಾಗಿಸಿದಳು. ಎಂಟುನೂರ ನಲವತ್ತಾರು ಮಿಲಿ. ಬರೆದು ಸೀಮೆಸುಣ್ಣ ಕೆಳಗಿಟ್ಟಳು.

ಹಿಂದೆ ಹುಡುಗರು ಗುಜುಗುಜು ಅಂದರು. ತಿರುಗಿ ನೋಡಿದರೆ ಆ ಕಡೆಯ ಹಲಗೆಯ ಮೇಲೆ ಎಂಟುನೂರ ಇಪ್ಪತ್ತಾರು.

"ತಪ್ಪು ಬರೆದಿದ್ದೀಯ ಕಣೇ," ಬಾಯಿ ತಪ್ಪಿ ಅಂದಳು ಸೊಸೆ. ಇಡೀ ಕ್ಲಾಸಿಗೆ ಕೇಳಿಸಿತು.

"ನೀವು ಮೂಲೆ ಬಿಟ್ಟಿದ್ದೀರ ಅತ್ತಿಗೆ."

"ಯಾವ ಮೂಲೆ? ಡೆರಿವೇಟಿವ್ ಮೂರು ಅನ್ನತ್ತೆ."

"ಅದು ಚೂರೇ ಚೂರು ಬೆಳೆದಾಗಿನ ಮಾತು. ಹತ್ತನೇ ಒಂದು ಪಾಲು ಚೂರಾ? ಅಷ್ಟು ಬೆಂಕಿ ಜಾಸ್ತಿ ಕೊಟ್ಟು ನೋಡಿ, ಮಣ್ಣೇ ಹೇಳತ್ತೆ ಅದು ಚೂರಾ ಅಲ್ವಾ ಅಂತ." ನಾದಿನಿ ತನ್ನ ಕರಿಹಲಗೆಯ ಚಿತ್ರದ ಮೇಲೆ ಸೀಮೆಸುಣ್ಣ ಕುಟ್ಟಿದಳು. ಪೆಟ್ಟಿಗೆಯ ಮೂರು ಮುಖಕ್ಕೆ ಮೂರು ಹಲಗೆ ಹೊಡೆದಿದ್ದಳು. "ನಿಮ್ಮ ಮೂರು ಇಲ್ಲಿವೆ. ಹಲಗೆ ಹಲಗೆ ಸೇರೋ ಸಂದೀಲಿ ಖಾಲಿ ಉಳೀತಲ್ಲ, ಅಲ್ಲಿಗೆ ಮೂರು ಕೋಲು. ಕೋಲುಗಳ ತುದೀಲಿ ಒಂದು ಮೂಲೆ. ಅದನ್ನ ಯಾರು ತುಂಬಿಸ್ತಾರೆ, ನಿಮ್ಮ ಕನಸಿನ ರಾಜಕುಮಾರನಾ?"

ಕ್ಲಾಸು ಘೊಳ್ಳೆಂದಿತು. ಸೊಸೆಗೆ ನಗು ಬರಲಿಲ್ಲ. ಅವಳು ಚಿತ್ರವನ್ನೇ ನೋಡುತ್ತಿದ್ದಳು. ಮೇಡಂ ಇಬ್ಬರನ್ನೂ ನೋಡುತ್ತಿದ್ದರು. ಗಾಜಿನ ಕೊಳವೆಯ ಮೇಲೆ ಎರಡು ಗೆರೆ ಎಳೆದರು, ಮೇಲಿನದು ಸೊಸೆಯದು, ಕೆಳಗಿನದು ನಾದಿನಿಯದು. ಜಾಡಿಯನ್ನು ಅಂಚಿನವರೆಗೆ ತುಂಬಿ ನಾದಿನಿಯ ಕೈಗೆ ಕೊಡಲು ಹೋದರು. ನಾದಿನಿ ಅದನ್ನು ಅತ್ತಿಗೆಯ ಕಡೆ ತಳ್ಳಿದಳು. ನೀವೇ ಹೊಯ್ಯಿರಿ, ನಾನು ಹೊಯ್ದರೆ ಚೆಲ್ಲಿದಳು ಅಂತೀರ ಅಂದಳು.

ಸೊಸೆ ಹೊಯ್ದಳು. ನೀರು ಕೊಳವೆಯಲ್ಲಿ ಏರಿತು, ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಜಾಡಿಯಿಂದ ಕೊನೆಯ ಹನಿ ಬಿದ್ದಾಗ ಕೆಳಗಿನ ಗೆರೆಯನ್ನು ಮುಟ್ಟಿ ನಿಂತಿತು.

ಒಂದು ಕ್ಷಣ ಸೊಸೆಯೊಳಗೆ ಹಳೆಯ ಹೊಟ್ಟೆಕಿಚ್ಚು ಎದ್ದಿತು. ಆ ನೀರಿನ ಗೆರೆ ಇನ್ನೊಂದನ್ನೂ ಹೇಳುತ್ತಿದೆ ಅಂತ ಆಗಲೇ ಹೊಳೆಯಿತು. ಹನ್ನೊಂದು ಬೆರಳು ಹತ್ತಾಗಿದೆ, ಕೂದಲೆಳೆಯಷ್ಟೂ ಹೆಚ್ಚಿಲ್ಲ. ಬೆಂಕಿ ಅತಿಯಾಗಿದ್ದರೆ ನೀರು ಇನ್ನೂ ಕೆಳಗೆ ನಿಲ್ಲಬೇಕಿತ್ತು.

"ನೋಡೇ," ಅಂದಳು ನಾದಿನಿಯ ತೋಳು ಹಿಡಿದು. "ನಿನ್ನ ಬೆಂಕಿ ಸರಿಯಾಗೇ ಇತ್ತು."

ನಾಲಿಗೆಯ ತುಂಬ ಬೆಂಕಿ ಇಟ್ಟುಕೊಂಡಿದ್ದ ಹುಡುಗಿ ಇಡೀ ಕ್ಲಾಸಿನ ಮುಂದೆ ಕಣ್ಣು ಒರೆಸಿಕೊಂಡಳು.

ಮೇಡಂ ಉತ್ತರ ಪತ್ರಿಕೆಗಳನ್ನು ಎತ್ತಿಕೊಂಡರು. ಇಷ್ಟು ಚೆನ್ನಾಗಿ ಜಗಳ ಆಡುವವರು ಕಾಪಿ ಹೊಡೆಯುವುದಿಲ್ಲ, ಅದಕ್ಕೆ ಬೇಕಾದ ಹೊಂದಾಣಿಕೆ ಇವರಲ್ಲಿಲ್ಲ ಅಂತ ಕ್ಲಾಸಿಗೆ ಹೇಳಿದರು. ನಗು ನಿಂತ ಮೇಲೆ ಇವರಿಬ್ಬರ ಕಡೆ ತಿರುಗಿದರು. "ಎಂಟು ಪಾಯಿಂಟ್ ಎಂಟಕ್ಕೆ ಅಂಕ ಕೊಡೋಲ್ಲ. ಪ್ರಶ್ನೇಲಿ ಮಣ್ಣಿರಲಿಲ್ಲ. ತಪ್ಪು ತಪ್ಪೇ. ಆದರೆ ನಿಮ್ಮ ಸ್ವಂತದ್ದು." ಪತ್ರಿಕೆಗಳನ್ನು ಅವರವರ ಕೈಗೆ ಕೊಟ್ಟರು. ಹಿಂದಿನ ಬೆಂಚಿನಿಂದ ಯಾರೋ ಚಪ್ಪಾಳೆ ಶುರು ಮಾಡಿದರು, ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಕೆಳಗೆ ಬಂತು.

ಆ ಸಂಜೆ ಬೀದಿಯ ತುದಿಯ ಮನೆಯಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿದ್ದರಿಂದ ಮಾವನಿಗೆ ಮೊದಲರ್ಧ ಏನೂ ತಿಳಿಯಲಿಲ್ಲ. ಸೊಸೆ ಒದ್ದೆ ಮಣ್ಣಿನಿಂದ ಪೆಟ್ಟಿಗೆ ಮಾಡಿದಳು, ನಾದಿನಿ ಅದಕ್ಕೆ ಹಲಗೆ, ಕೋಲು, ಮೂಲೆ ಮೆತ್ತಿದಳು. ಮಾವ ಆ ಮೂಲೆಯ ಚೂರನ್ನು ಬೆರಳಲ್ಲಿ ಕಿತ್ತು, ಮತ್ತೆ ಅಂಟಿಸಿ, ಮತ್ತೆ ಕಿತ್ತು ನೋಡಿದರು. ಮಣ್ಣಿನಲ್ಲಿ ಹೇಳಿದರೆ ಅವರಿಗೆ ಎರಡು ಸಲ ಹೇಳಬೇಕಾಗಿರಲಿಲ್ಲ.

"ಹಾಗಾದ್ರೆ ಲೀಟರ್ ಬೇಕು ಅಂದ್ರೆ ಹಸಿಯಲ್ಲಿ ಎಷ್ಟು ಹೊಯ್ಯಲಿ?"

"ಒಂದು ಲೀಟರ್ ಮುನ್ನೂರ ಮೂವತ್ತೊಂದು ಮಿಲಿ," ಅಂದರು ಇಬ್ಬರೂ ಒಟ್ಟಿಗೆ.

"ಆ ಕೊನೇ ಒಂದು ಯಾತಕ್ಕೆ?"

"ಅದೇ ಮೂಲೆ ಅಪ್ಪಾ. ಅತ್ತಿಗೆ ಬಿಟ್ಟಿದ್ದು."

ಮಾವ ಮಗಳಿಗೆ ತಪ್ಪಾಯಿತು ಅನ್ನಲಿಲ್ಲ. ಆ ಮಾತು ಅವರ ಬಾಯಿಗೆ ಬರುತ್ತಿರಲಿಲ್ಲ. ಜಾಡಿಗಳನ್ನೆಲ್ಲ ಹೊಸದಾಗಿ ಎತ್ತಿ, ಒಣಗಿಸಿ, ಆವಿಗೆಯ ಬಾಯಿಗೆ ತಾವೇ ಹೊತ್ತು ತಂದರು. "ಹೋದ ಸಲ ಕೊಟ್ಟಷ್ಟೇ ಕೊಡು," ಅಂದರು. "ಒಂದು ಕಡ್ಡಿ ಹೆಚ್ಚಿಲ್ಲ, ಒಂದು ಕಡ್ಡಿ ಕಮ್ಮಿ ಇಲ್ಲ." ನಾದಿನಿ ಅಷ್ಟೇ ಕೊಟ್ಟಳು. ಆವಿಗೆ ಆರಿದ ಮೇಲೆ ಮೊದಲ ಜಾಡಿ ತೆಗೆದು ಒಂದು ಲೀಟರ್ ನೀರು ಹೊಯ್ದರು. ನೀರು ಅಂಚಿನವರೆಗೆ ಬಂದು, ಚೆಲ್ಲದೆ, ಬಿಲ್ಲಿನ ಹಾಗೆ ಚೂರು ಉಬ್ಬಿ ನಿಂತಿತು. ಅತ್ತೆ ಬ್ರಷ್ ಕೆಳಗಿಟ್ಟು ಎದ್ದು ಬಂದರು.

ವರ್ಷದ ಕೊನೆಯ ಪರೀಕ್ಷೆಗೆ ಇಬ್ಬರನ್ನೂ ಕೋಣೆಯ ಎರಡು ತುದಿಯಲ್ಲಿ ಕೂರಿಸಿದ್ದರು. ಸೊಸೆ ಒಂದೊಂದೇ ಪ್ರಶ್ನೆಯನ್ನು ಹಂತ ಬಿಡದೆ ಮುಗಿಸಿ ಕೊನೆಯ ಹಾಳೆ ತಿರುಗಿಸಿದಳು. ಈ ಕೆಳಗಿನ ರೇಖೆಯನ್ನು ತಿರುಗಿಸಿದಾಗ ಉಂಟಾಗುವ ಬಟ್ಟಲು ಎಷ್ಟು ಹಿಡಿಯುತ್ತದೆ ಅಂತಿತ್ತು. ಅದರ ಕೆಳಗೆ, ಇಡೀ ವಿಶ್ವವಿದ್ಯಾಲಯದಲ್ಲಿ ಇಬ್ಬರಿಗೆ ಮಾತ್ರ ಯಾಕೆಂದು ಗೊತ್ತಾಗುವ ಒಂದು ಸಾಲು: ಬಟ್ಟಲು ಗಾಜಿನದು.

ಆಚೆ ತುದಿಯಿಂದ ಒಂದು ನಗು ಕೇಳಿಸಿತು, ಬೆಂಕಿ ಚಟಪಟ ಅಂದ ಹಾಗೆ. ಮೇಲ್ವಿಚಾರಕರು ಆ ಕಡೆ ತಲೆ ಎತ್ತಿದರು. ಸೊಸೆ ನಗುವನ್ನು ತುಟಿಯೊಳಗೇ ಹಿಡಿದು, ಉತ್ತರದ ಕೊನೆಯ ಸಾಲು ಬರೆದಳು. ಕೈ ಒಂದು ಕ್ಷಣ ಹತ್ತನೇ ಒಂದು ಪಾಲಿಗೆ ತವಕಿಸಿತು. ಸೀದಾ ಪೂರ್ಣವಿರಾಮ ಇಟ್ಟಳು.

ಫಲಿತಾಂಶದ ದಿನ ಬೋರ್ಡಿನ ಮೇಲೆ ಇಬ್ಬರ ನಂಬರೂ ಹಿಂದೆ ಮುಂದೆಯೇ ಇದ್ದವು. ಮುಂದಿನ ಬಾಗಿಲು ಇಬ್ಬರಿಗೂ ತೆರೆದಿತ್ತು. ನಾದಿನಿಗೆ ಒಂದು ಅಂಕ ಹೆಚ್ಚು. ಅದು ಮೂಲೆಯದು ಅಂತ ಅವಳು ಬಸ್ಸು ಇಳಿಯುವವರೆಗೂ ಹೇಳಿದಳು, ಸೊಸೆ ಬಸ್ಸು ಇಳಿಯುವವರೆಗೂ ಕೇಳಿದಳು.